ನಿಧಾನವಾಗಿ ನಡೆಯುವ ಒಂದು ದಿನಕ್ಕೆ ಕೊರಿಯಾದ ಯಾವ ಹಾನೋಕ್ ಕೇರಿ?

ಕೊರಿಯಾಕ್ಕೆ ಹೊರಟವರ ಪಟ್ಟಿಯಲ್ಲಿ ಅರಮನೆ, ಟವರ್, ಶಾಪಿಂಗ್ ಎಲ್ಲ ಸೇರಿದ ಮೇಲೂ ಒಂದು ದಿನ ಉಳಿದಿರುತ್ತದೆ. ಆ ದಿನ ಹಳೆಯ ಹೆಂಚಿನ ಮನೆಗಳ ನಡುವೆ ಆರಾಮಾಗಿ ಅಡ್ಡಾಡಬೇಕು, ಎಲ್ಲಾದರೂ ಕೂತು ಚಹಾ ಕುಡಿಯಬೇಕು, ಸಂಜೆ ಸುಸ್ತಾಗದೆ ರೂಮಿಗೆ ಮರಳಬೇಕು. ಆಸೆ ಇಷ್ಟೇ. ಹುಡುಕಲು ಕೂತರೆ ಮಾತ್ರ ಬುಕ್ಚೋನ್, ಸೋಚೋನ್, ಇಕ್ಸೋನ್‌ಡೋಂಗ್, ಉನ್‌ಪ್ಯೊಂಗ್, ಜೊಂಜು ಎಂದು ಹೆಸರುಗಳು ಸಾಲುಗಟ್ಟುತ್ತವೆ. ಫೋಟೊಗಳಲ್ಲಿ ಎಲ್ಲ ಕಡೆಯೂ ಅದೇ ಕಪ್ಪು ಹೆಂಚು, ಅದೇ ಬಾಗಿದ ಸೂರು. ಹೋಗಿ ನಿಂತಾಗ ಒಂದು ಇನ್ನೊಂದರಂತಿಲ್ಲ. ಒಂದು ಕಡೆ ಬೆಳಿಗ್ಗೆ ಒಂಬತ್ತಕ್ಕೆ ಕಾಲಿಟ್ಟರೆ ದಂಡ ಬೀಳಬಹುದು. ಇನ್ನೊಂದು ಕಡೆ ಅದೇ ಹೊತ್ತಿಗೆ ಒಂದು ಬಾಗಿಲೂ ತೆರೆದಿರುವುದಿಲ್ಲ.

ಹಾನೋಕ್ ಎಂದರೆ ಮರದ ಕಂಬ, ತೊಲೆ, ಮಣ್ಣಿನ ಗೋಡೆ, ಹೆಂಚಿನ ಚಾವಣಿಯ ಸಾಂಪ್ರದಾಯಿಕ ಮನೆ. ನಮ್ಮ ತೊಟ್ಟಿಮನೆ ಕಂಡವರಿಗೆ ಅಂಗಳದ ಸುತ್ತ ಕೋಣೆಗಳು ತೆರೆದುಕೊಳ್ಳುವ ರೀತಿ ಹೊಸದೆನಿಸದು. ಜೊತೆಗೆ ಮರದ ಹಲಗೆ ಹಾಸಿದ ಪಡಸಾಲೆ, ಅದಕ್ಕೆ ಅಲ್ಲಿ ಮಾರು ಎನ್ನುತ್ತಾರೆ. ಮತ್ತು ನೆಲದ ಅಡಿಯಿಂದ ಶಾಖ ಹರಿಯುವ ಓಂದೋಲ್ ಕೋಣೆ. ಈ ಮನೆಯ ಸೊಗಸೆಲ್ಲ ಒಳಗಿದೆ. ಓಣಿಯಲ್ಲಿ ನಿಂತವರಿಗೆ ಕಾಣುವುದು ಗೋಡೆ, ಬಾಗಿಲು, ಸೂರು ಮಾತ್ರ.

ಹಾಗಾಗಿ ಮೊದಲು ನೋಡಬೇಕಾದದ್ದು, ಆ ಕೇರಿಯಲ್ಲಿ ಒಳಗೆ ಹೋಗಿ ಕೂರಲು ಎಷ್ಟು ಮನೆಗಳು ಸಿಗುತ್ತವೆ ಎಂಬುದನ್ನು. ನಿಧಾನದ ದಿನ ಕೆಡುವುದು ನಡಿಗೆ ಹೆಚ್ಚಾಗಿ ಅಲ್ಲ, ಕೂರಲು ಜಾಗ ಸಿಗದೆ. ಎರಡನೆಯದು ಏರು ದಾರಿ: ರಾಜಧಾನಿ ಸೋಲ್ ಬೆಟ್ಟಗಳ ನಡುವಿನ ಊರು, ನಕ್ಷೆಯಲ್ಲಿ ಐನೂರು ಮೀಟರ್ ಅಂದದ್ದು ಪೂರ್ತಿ ಏರಾಗಿರಬಹುದು. ಮೂರನೆಯದು ವಾರ ಮತ್ತು ಗಂಟೆ. ನಾಲ್ಕನೆಯದು ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ. ಖರ್ಚನ್ನು ಕೊನೆಗೆ ಇಟ್ಟರೆ ಸಾಕು, ಏಕೆಂದರೆ ಸೋಲ್ ಒಳಗಿನ ಕೇರಿಗಳ ನಡುವೆ ಖರ್ಚಿನ ವ್ಯತ್ಯಾಸ ದೊಡ್ಡದಲ್ಲ. ಊರಾಚೆ ಹೋದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಮುಂದೆ ಬರುವ ಮೊತ್ತಗಳಿಗೆ 1,000 ವಾನ್ ಎಂದರೆ ಸುಮಾರು ₹60 ಎಂದು ಹಿಡಿದುಕೊಳ್ಳಿ.

ಬುಕ್ಚೋನ್: ಎರಡು ಗಂಟೆಗೆ ಸರಿ, ಇಡೀ ದಿನಕ್ಕಲ್ಲ

ಗ್ಯೊಂಗ್‌ಬೊಕ್‌ಗುಂಗ್ ಮತ್ತು ಚಾಂಗ್‌ಡೊಕ್‌ಗುಂಗ್ ಅರಮನೆಗಳ ನಡುವಿನ ಇಳಿಜಾರು ಇದು. ಮೆಟ್ರೊ 3ನೇ ಲೈನಿನ ಆನ್‌ಗುಕ್ ನಿಲ್ದಾಣದಲ್ಲಿ ಇಳಿಯಬೇಕು. ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ, ಎರಡೂ ಬದಿ ಹಾನೋಕ್‌ಗಳಿರುವ ಏರು ಓಣಿಯ ಹೆಸರು ಬುಕ್ಚೋನ್-ರೋ 11-ಗಿಲ್. ಹಳೆಯ ಬರಹಗಳು, ವಿಡಿಯೊಗಳು 'ಜನ ಬರುವ ಮುಂಚೆ ಬೆಳಿಗ್ಗೆ ಏಳಕ್ಕೇ ಹೋಗಿ' ಎಂದು ಹೇಳುತ್ತವೆ. ಆ ಸಲಹೆ ಈಗ ನಡೆಯುವುದಿಲ್ಲ. ಇಲ್ಲಿ ಜನ ಸಂಸಾರ ಹೂಡಿ ಬದುಕುತ್ತಿದ್ದಾರೆ, ಪ್ರವಾಸಿಗರ ಗದ್ದಲ ತಾಳಲಾರದೆ ಎಷ್ಟೋ ಮಂದಿ ದೂರಿದ್ದರು. ಅದಕ್ಕೇ 2025ರ ಮಾರ್ಚ್‌ನಿಂದ ಈ ಓಣಿಯಲ್ಲಿ ಪ್ರವಾಸಿಗರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಅವಕಾಶ. ಮೀರಿದರೆ 1 ಲಕ್ಷ ವಾನ್ ದಂಡ, ಅಂದರೆ ₹6,000ದ ಹತ್ತಿರ. ಅಲ್ಲೇ ತಂಗಿರುವವರಿಗೆ ಈ ನಿರ್ಬಂಧವಿಲ್ಲ. ನಿಯಮ ನ್ಯಾಯವಾದದ್ದು. ಬಾಗಿಲು ತಳ್ಳಿ ನೋಡುವುದು, ಹೊಸ್ತಿಲ ಮೇಲೆ ಕೂತು ಫೋಟೊ ತೆಗೆಯುವುದು ಹಗಲಲ್ಲೂ ಬೇಡ.

ಇದರ ಪರಿಣಾಮವೆಂದರೆ, ಬರುವವರೆಲ್ಲ ಅದೇ ಏಳು ಗಂಟೆಗಳೊಳಗೆ ಬರುತ್ತಾರೆ. ಹನ್ನೊಂದರಿಂದ ಮೂರರವರೆಗೆ ಆ ಓಣಿಯಲ್ಲಿ ಸಾವಕಾಶ ಎಂಬುದಿಲ್ಲ. ಹತ್ತಕ್ಕೆ ಸರಿಯಾಗಿ ಅಲ್ಲಿರಿ, ಇಲ್ಲವೇ ನಾಲ್ಕರ ಮೇಲೆ ಹೋಗಿ. ಜನವರಿಯಲ್ಲಾದರೆ ಇಳಿಜಾರಿನಲ್ಲಿ ಹಿಮ ಗಟ್ಟಿಯಾಗಿ ಜಾರುತ್ತದೆ. ನುಣುಪು ತಳದ ಶೂ ಆಗದು.

ಒಳಗೆ ನೋಡಲು ಸಿಗುವ ಮನೆಗಳು ಇಲ್ಲಿ ಕಡಿಮೆ, ಇರುವುದು ಚೆನ್ನಾಗಿದೆ. 1913ರಲ್ಲಿ ಕಟ್ಟಿದ ಬೇಕ್ ಇನ್-ಜೆ ಮನೆಯ ಅಂಗಳಗಳಿಗೆ ಟಿಕೆಟ್ ಇಲ್ಲ. ಒಳಕೋಣೆಗಳನ್ನು ನೋಡಬೇಕಾದರೆ ಮಾರ್ಗದರ್ಶಿಯ ಜೊತೆಗಿನ ಸುತ್ತನ್ನು ಮೊದಲೇ ಕಾಯ್ದಿರಿಸಬೇಕು. ಸೋಮವಾರ ರಜೆ. ಗ್ಯೇಡೋಂಗ್-ಗಿಲ್ ರಸ್ತೆಯಲ್ಲಿರುವ ಬುಕ್ಚೋನ್ ಸಾಂಸ್ಕೃತಿಕ ಕೇಂದ್ರವೂ ಹಾನೋಕೇ, ಪ್ರವೇಶ ಉಚಿತ, ಕೈನಕ್ಷೆ ಅಲ್ಲೇ ಸಿಗುತ್ತದೆ.

ಇಲ್ಲಿಯ ಹೆಚ್ಚಿನ ಮನೆಗಳು ಜೋಸೋನ್ ರಾಜರ ಕಾಲದವಲ್ಲ, 1920-30ರ ದಶಕದವು. ಜಪಾನಿ ಆಳ್ವಿಕೆಯಲ್ಲಿ ಜಪಾನಿಯರ ವಸತಿ ಈ ಕಡೆಗೆ ಹಬ್ಬುತ್ತಿದ್ದಾಗ, ಜೊಂಗ್ ಸೆ-ಗ್ವೊನ್ ಎಂಬ ಕೊರಿಯನ್ ಬಿಲ್ಡರ್ ಶ್ರೀಮಂತರ ದೊಡ್ಡ ನಿವೇಶನಗಳನ್ನು ಕೊಂಡು, ಚಿಕ್ಕದಾಗಿ ಹೋಳು ಮಾಡಿ, ಸಾಮಾನ್ಯ ಕೊರಿಯನ್ನರಿಗೆ ಎಟುಕುವ ಹಾನೋಕ್‌ಗಳನ್ನು ಕಟ್ಟಿ ಮಾರಿದರು. ಇದು ಗೊತ್ತಿದ್ದರೆ ಓಣಿಯೇ ಬೇರೆ ಥರ ಕಾಣಿಸುತ್ತದೆ. ಸೂರಿನ ತುದಿಗೆ ಹೊಡೆದ ತಗಡಿನ ದೋಣಿ, ಕಾಗದದ ಜಾಗದಲ್ಲಿ ಗಾಜು ಕೂರಿಸಿದ ಬಾಗಿಲು, ಗೋಡೆಯಲ್ಲಿ ಇಟ್ಟಿಗೆ: ಇವೆಲ್ಲ ಆ ಕಾಲದ ಹೊಸ ಸಾಮಗ್ರಿಗಳು. ಈ ಮೂರನ್ನು ಹುಡುಕುತ್ತ ನಡೆದರೆ ಮನೆಯಿಂದ ಮನೆಗೆ ವ್ಯತ್ಯಾಸ ಕಾಣತೊಡಗುತ್ತದೆ.

ಮೊದಲ ಸಲ ಹೋಗುವವರಿಗೆ, ಅರ್ಧ ದಿನ ಮಾತ್ರ ಇರುವವರಿಗೆ, ಕೊರಿಯಾದ ಸಾಂಪ್ರದಾಯಿಕ ಉಡುಪಾದ ಹಾನ್‌ಬೊಕ್ ತೊಟ್ಟು ಫೋಟೊ ಬೇಕೆನ್ನುವವರಿಗೆ ಬುಕ್ಚೋನ್ ಸರಿ. ಹಾನ್‌ಬೊಕ್ ಬಾಡಿಗೆ ಎರಡು-ನಾಲ್ಕು ಗಂಟೆಗೆ 15,000ದಿಂದ 30,000 ವಾನ್ ಇರುತ್ತದೆ, ತೊಟ್ಟವರಿಗೆ ಅರಮನೆಯ 3,000 ವಾನ್ ಟಿಕೆಟ್ ಉಳಿಯುತ್ತದೆ. ಆದರೆ ನೆಲ ಗುಡಿಸುವ ಆ ಲಂಗದಲ್ಲಿ ಏರು ಹತ್ತುವುದು ಕಷ್ಟ. ಅರಮನೆಯ ಸಮತಟ್ಟು ಅಂಗಳಕ್ಕೆ ಹಾನ್‌ಬೊಕ್, ಬುಕ್ಚೋನಿಗೆ ಸಾದಾ ಬಟ್ಟೆ ಎಂದು ಹಂಚಿಕೊಂಡರೆ ಎರಡೂ ಚೆನ್ನಾಗಿ ಆಗುತ್ತವೆ.

ಸೋಚೋನ್: ಇಡೀ ದಿನಕ್ಕೆ ನಮ್ಮ ಮೊದಲ ಆಯ್ಕೆ

ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಪಶ್ಚಿಮಕ್ಕೆ, 338 ಮೀಟರ್ ಎತ್ತರದ ಇನ್ವಾಂಗ್‌ಸಾನ್ ಬೆಟ್ಟದ ಬುಡದಲ್ಲಿದೆ. ದೊರೆ ಸೆಜೊಂಗ್ 1397ರಲ್ಲಿ ಹುಟ್ಟಿದ್ದು ಈ ಭಾಗದಲ್ಲಿ. ಬುಕ್ಚೋನಿನಂತೆ ಹಾನೋಕ್‌ಗಳು ಸಾಲಾಗಿ ನಿಂತಿಲ್ಲ. ಸಾಮಾನ್ಯ ಮನೆ, ಅಕ್ಕಿ ಅಂಗಡಿ, ಕ್ಷೌರದಂಗಡಿಗಳ ನಡುವೆ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಪೋಸ್ಟ್‌ಕಾರ್ಡ್ ನೋಟ ಬೇಕೆನ್ನುವವರಿಗೆ ನಿರಾಸೆಯಾಗಬಹುದು. ಅದು ಬೇಡ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಕೇರಿ ಸೋಲ್‌ನಲ್ಲಿಲ್ಲ: ಬೆಟ್ಟ, ತೊರೆ, ಸಂತೆ, ಕವಿಯ ಸ್ಮಾರಕ, ಚಹಾದ ಮನೆ ಎಲ್ಲವೂ ಒಂದು ದಿನದ ನಡಿಗೆಯೊಳಗಿವೆ.

ಇಲ್ಲಿ ದಿಕ್ಕೇ ಮುಖ್ಯ. ಬಹುತೇಕರು ನಿಲ್ದಾಣದಿಂದ ನಡೆದು, ಸಂತೆಯಲ್ಲಿ ಹೊಟ್ಟೆ ತುಂಬಿಸಿಕೊಂಡು, ನಡು ಮಧ್ಯಾಹ್ನ ಬೆಟ್ಟದ ಕಡೆಗೆ ಏರುತ್ತಾರೆ, ಅರ್ಧಕ್ಕೇ ಸುಸ್ತು. ತಿರುಗಿಸಿ. ಗ್ಯೊಂಗ್‌ಬೊಕ್‌ಗುಂಗ್ ಮೆಟ್ರೊ ನಿಲ್ದಾಣದ ಬಳಿ 'ಜೊಂಗ್ನೊ 09' ಎಂಬ ಹಸಿರು ಪುಟ್ಟ ಬಸ್ ಹತ್ತಿದರೆ ಕೊನೆಯ ಸ್ಟಾಪೇ ಸುಸೊಂಗ್‌ಡೋಂಗ್ ಕಣಿವೆ. ಮೆಟ್ರೊ ಇಳಿದು 30 ನಿಮಿಷದೊಳಗೆ ಬಸ್ ಹತ್ತಿದರೆ ಟಿ-ಮನಿ ಎಂಬ ಪ್ರಯಾಣದ ಪ್ರೀಪೇಯ್ಡ್ ಕಾರ್ಡಿನಲ್ಲಿ ಪೂರ್ತಿ ಟಿಕೆಟ್ ಮತ್ತೆ ಕಡಿತವಾಗುವುದಿಲ್ಲ. ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ಮುಟ್ಟಿಸಬೇಕು. ಮರೆತರೆ ಆ ರಿಯಾಯಿತಿ ಹೋಯಿತು.

ಕಣಿವೆಗೆ ಹತ್ತರ ಹೊತ್ತಿಗೆ ತಲುಪಿ. 1971ರಲ್ಲಿ ಇಲ್ಲಿ ಓಕಿನ್ ಎಂಬ ಅಪಾರ್ಟ್‌ಮೆಂಟ್ ಸಮುಚ್ಚಯ ಕಟ್ಟಿ ತೊರೆಯನ್ನು ಮುಚ್ಚಿಹಾಕಿದ್ದರು. ಅದನ್ನು ಕೆಡವಿ, 18ನೇ ಶತಮಾನದ ಚಿತ್ರಕಾರ ಜೊಂಗ್ ಸೊನ್ ಬರೆದ ಇದೇ ಕಣಿವೆಯ ಚಿತ್ರವನ್ನು ಎದುರಿಗಿಟ್ಟುಕೊಂಡು 2012ರಲ್ಲಿ ಮತ್ತೆ ಮೊದಲಿನಂತೆ ಮಾಡಿದರು. ಚಿತ್ರದಲ್ಲಿರುವ ಉದ್ದ ಕಲ್ಲಿನ ಕಿರುಸೇತುವೆ ಈಗಲೂ ಬಂಡೆಗಳ ನಡುವೆ ಇದೆ. ಒಂದು ತಿಳಿದಿರಲಿ: ಮಳೆಯಿಲ್ಲದ ವಾರಗಳಲ್ಲಿ ತೊರೆ ಬತ್ತಿರುತ್ತದೆ. ನೀರು ನೋಡಲೇಬೇಕೆಂದರೆ ಬೇಸಿಗೆ ಮಳೆಯ ಮರುದಿನ ಹೋಗಿ.

ಅಲ್ಲಿಂದ ಬೆಟ್ಟದ ಬುಡದ ಕಾಡುದಾರಿಯಲ್ಲಿ ಉತ್ತರಕ್ಕೆ ಅರ್ಧ ಗಂಟೆ ನಡೆದರೆ ಯೂನ್ ದೋಂಗ್-ಜು ಸಾಹಿತ್ಯ ಸ್ಮಾರಕ. 1941ರಲ್ಲಿ ವಿದ್ಯಾರ್ಥಿಯಾಗಿ ಈ ಕೇರಿಯಲ್ಲಿ ಬಾಡಿಗೆಗಿದ್ದ, 1945ರ ಫೆಬ್ರವರಿಯಲ್ಲಿ ಜಪಾನಿನ ಫುಕುಒಕಾ ಜೈಲಿನಲ್ಲಿ ಇಪ್ಪತ್ತೇಳರ ವಯಸ್ಸಿಗೇ ತೀರಿಕೊಂಡ ಕವಿ ಅವರು. ಸ್ಮಾರಕದ ಕಟ್ಟಡ ಮೊದಲು ನೀರು ಮೇಲೆತ್ತುವ ಪಂಪ್‌ಹೌಸ್ ಆಗಿತ್ತು. ಎರಡು ತೊಟ್ಟಿಗಳಲ್ಲಿ ಒಂದರ ಮಾಡು ತೆಗೆದು ಆಕಾಶಕ್ಕೆ ತೆರೆದಿದ್ದಾರೆ. ಇನ್ನೊಂದು ಕತ್ತಲೆಯ ಕೋಣೆಯಾಗಿಯೇ ಇದೆ, ಒಳಗೆ ಕಿರುಚಿತ್ರ ತೋರಿಸುತ್ತಾರೆ. ಗೋಡೆಯ ಮೇಲೆ ನೀರಿನ ಮಟ್ಟ ಬಿಟ್ಟುಹೋದ ಕಲೆಗಳನ್ನು ಒರೆಸದೆ ಹಾಗೇ ಉಳಿಸಿದ್ದಾರೆ. ಜೈಲಿನಲ್ಲಿ ಸತ್ತ ಕವಿಗೆ ಇದಕ್ಕಿಂತ ಸರಿಯಾದ ಸ್ಮಾರಕ ಊಹಿಸುವುದು ಕಷ್ಟ. ಪ್ರವೇಶ ಉಚಿತ, ಸೋಮವಾರ ರಜೆ.

ಸ್ಮಾರಕದ ಎದುರಿನಿಂದಲೇ 1020, 7022, 7212 ಬಸ್‌ಗಳು ಕೆಳಗಿಳಿಯುತ್ತವೆ. ಹನ್ನೆರಡರೊಳಗೆ ಥೋಂಗಿನ್ ಸಂತೆಗೆ ಬನ್ನಿ. ಇಲ್ಲಿ ನಾಣ್ಯದ ಊಟ ಪ್ರಸಿದ್ಧ: ಕೌಂಟರಿನಲ್ಲಿ ದುಡ್ಡು ಕೊಟ್ಟು ಹಳೆಯ ಕಾಲದ ತೂತುನಾಣ್ಯಗಳನ್ನೂ ಖಾಲಿ ತಟ್ಟೆಯನ್ನೂ ಪಡೆದು, ಅಂಗಡಿಯಿಂದ ಅಂಗಡಿಗೆ ಹೋಗಿ ಸ್ವಲ್ಪಸ್ವಲ್ಪ ತುಂಬಿಸಿಕೊಳ್ಳುವುದು. ಒಂದು ನಾಣ್ಯಕ್ಕೆ 500 ವಾನ್. ಒಬ್ಬರಿಗೆ 10,000 ವಾನ್ ಆದರೆ ಧಾರಾಳ. ನೋಟು ಇಟ್ಟುಕೊಂಡಿರಿ. ನಾಣ್ಯ ತೆಗೆದುಕೊಳ್ಳುವುದು ಫಲಕ ಹಾಕಿದ ಅಂಗಡಿಗಳು ಮಾತ್ರ. ಒಂದೂವರೆಯ ಮೇಲೆ ಒಳ್ಳೆಯ ತಿನಿಸುಗಳು ಮುಗಿದಿರುತ್ತವೆ, ಸೋಮವಾರ ಈ ವ್ಯವಸ್ಥೆಯೇ ಇರುವುದಿಲ್ಲ.

ಊಟವಾದ ಮೇಲೆ ಪಾರ್ಕ್ ನೊ-ಸೂ ಕಲಾ ಸಂಗ್ರಹಾಲಯ ಹತ್ತಿರದಲ್ಲೇ ಇದೆ. 1930ರ ದಶಕದ ಎರಡಂತಸ್ತಿನ ಮನೆ, ಅರ್ಧ ಕೊರಿಯನ್, ಅರ್ಧ ಪಾಶ್ಚಾತ್ಯ ಶೈಲಿ. ಚಿತ್ರಕಾರರು ಬದುಕಿದ್ದ ಮನೆಯೇ 2013ರಿಂದ ಸಂಗ್ರಹಾಲಯ. 3,000 ವಾನ್. ಶೂ ಬಿಚ್ಚಿ ಮರದ ನೆಲದ ಮೇಲೆ ನಡೆಯಬೇಕು. ಉಳಿದ ಸಂಜೆಗೆ ಯಾವುದಾದರೂ ಹಾನೋಕ್ ಚಹಾದ ಮನೆ. ಒಬ್ಬೊಬ್ಬರೂ ಒಂದೊಂದು ಪಾನೀಯ ತೆಗೆದುಕೊಳ್ಳುವುದು ರೂಢಿ, 7,000ದಿಂದ 9,000 ವಾನ್. ಓಮಿಜಾ ಎಂಬ ಹುಳಿ-ಸಿಹಿ ಕೆಂಪು ಹಣ್ಣಿನ ಪಾನಕ, ಚಕ್ಕೆ-ಶುಂಠಿಯ ಸುಜೊಂಗ್ವಾ, ಅಕ್ಕಿಯ ಸಿಖ್ಯೆ ಎಲ್ಲವೂ ಸಸ್ಯಾಹಾರವೇ. ಮೆಟ್ರೊ ಸೇರಿ ಇಡೀ ದಿನಕ್ಕೆ 25,000 ವಾನ್ ಹತ್ತಿರ, ₹1,500.

ಇಕ್ಸೋನ್‌ಡೋಂಗ್: ಮಳೆಗೆ, ಮಧ್ಯಾಹ್ನಕ್ಕೆ

ಜೊಂಗ್ನೊ 3-ಗಾ ನಿಲ್ದಾಣದ 4ನೇ ಗೇಟಿನಿಂದ ಎರಡು ನಿಮಿಷ. ಇದೂ ಜೊಂಗ್ ಸೆ-ಗ್ವೊನ್ ಕಟ್ಟಿದ ಕೇರಿ, ಬುಕ್ಚೋನಿಗಿಂತ ಇನ್ನೂ ಚಿಕ್ಕ ಮನೆಗಳು. ಪೂರ್ತಿ ಸಮತಟ್ಟು. ಆದರೆ ಮನೆಗಳಾಗಿ ಉಳಿದಿಲ್ಲ. ಹೆಚ್ಚಿನವು ಕೆಫೆ, ಬೇಕರಿ, ಬಟ್ಟೆ ಅಂಗಡಿ. ಅಂಗಳದ ಮೇಲೆ ಗಾಜಿನ ಮಾಡು ಹಾಕಿರುವುದರಿಂದ ಮಳೆಯಲ್ಲೂ ಚಳಿಯಲ್ಲೂ ಅಂಗಳದಲ್ಲೇ ಕೂರಬಹುದು, ಕೂರಲು ಜಾಗ ಎಂಬ ಲೆಕ್ಕದಲ್ಲಿ ಇದಕ್ಕೇ ಹೆಚ್ಚು ಅಂಕ. ಹನ್ನೊಂದಕ್ಕೆ ಮುಂಚೆ ಹೋದರೆ ಮುಚ್ಚಿದ ಬಾಗಿಲುಗಳು. ಶನಿವಾರ, ಭಾನುವಾರ ಮಧ್ಯಾಹ್ನ ಓಣಿಗಳಲ್ಲಿ ಎರಡು ಕೊಡೆ ಎದುರಾದರೆ ಒಂದು ಮಡಚಬೇಕು, ಅಷ್ಟು ಇಕ್ಕಟ್ಟು. ನಡೆಯಲು ಒಂದು ಗಂಟೆ ಸಾಕು. ಇದೊಂದನ್ನೇ ನಂಬಿ ದಿನ ಕಳೆಯಲಾಗದು. ಬುಕ್ಚೋನ್ ಬೆಳಿಗ್ಗೆ, ಇಕ್ಸೋನ್‌ಡೋಂಗ್ ಮಧ್ಯಾಹ್ನ ಎಂಬ ಜೋಡಿ ಚೆನ್ನಾಗಿ ಹೊಂದುತ್ತದೆ, ನಡುವೆ ಕಾಲ್ನಡಿಗೆಯ ದೂರವೇ. ಸಂಜೆ ಆರರ ಮೇಲೆ ಪಕ್ಕದ ಓಣಿ ಹಂದಿಮಾಂಸ ಸುಡುವ ಹೊಗೆಯಿಂದ ತುಂಬುತ್ತದೆ, ವಾಸನೆ ಆಗದವರು ಅಷ್ಟರೊಳಗೆ ಹೊರಡಿ.

ಉನ್‌ಪ್ಯೊಂಗ್: ಹಿರಿಯರಿಗೆ, ಸಸ್ಯಾಹಾರಿಗಳಿಗೆ

ಇಲ್ಲಿರುವುದು ಹಳೆಯ ಕೇರಿಯಲ್ಲ. ಬುಖಾನ್‌ಸಾನ್ ಬೆಟ್ಟದ ಬುಡದಲ್ಲಿ 2010ರ ದಶಕದಲ್ಲಿ ಯೋಜನೆ ಹಾಕಿ ಕಟ್ಟಿದ ಹೊಸ ಹಾನೋಕ್ ಬಡಾವಣೆ. ಹಳತೇ ಬೇಕೆನ್ನುವವರು ಬಿಟ್ಟುಬಿಡಿ. ಆದರೆ ರಸ್ತೆ ಅಗಲ, ಏರು ಕಡಿಮೆ, ಜನ ವಿರಳ, ಹಿಂದೆ ಬಂಡೆಯ ಬೆಟ್ಟ. 3ನೇ ಲೈನಿನ ಗುಪಾಬಾಲ್ ನಿಲ್ದಾಣದಿಂದ 7723 ಅಥವಾ 701 ಬಸ್. ಪಕ್ಕದಲ್ಲೇ 1011ರಲ್ಲಿ ಸ್ಥಾಪನೆಯಾದ ಜಿನ್‌ಗ್ವಾನ್ಸಾ ಬೌದ್ಧ ದೇವಾಲಯ. 2009ರಲ್ಲಿ ಅಲ್ಲಿಯ ಚಿಕ್ಕ ಗುಡಿಯೊಂದನ್ನು ರಿಪೇರಿ ಮಾಡುವಾಗ ಗೋಡೆಯೊಳಗೆ ಸ್ವಾತಂತ್ರ್ಯ ಚಳವಳಿಯ ಕಾಲದ ಬಾವುಟವೂ ಪತ್ರಿಕೆಗಳೂ ಸಿಕ್ಕಿದವು. ಈ ದೇವಾಲಯ ತನ್ನ ಆಹಾರ ಪದ್ಧತಿಗೆ ಹೆಸರಾದದ್ದು: ಮಾಂಸ, ಮೀನು ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಊಟ ಹೋದವರಿಗೆಲ್ಲ ಸಿಗುವಂಥದ್ದಲ್ಲ, ಕಾರ್ಯಕ್ರಮಕ್ಕೆ ಮೊದಲೇ ಹೆಸರು ಕೊಡಬೇಕು. ಆವರಣದ ಚಹಾದ ಮನೆಗೆ ಆ ಗೊಡವೆಯಿಲ್ಲ.

ಜೊಂಜು: ಒಂದು ರಾತ್ರಿ ತಂಗುವುದಾದರೆ ಮಾತ್ರ

ಏಳುನೂರರ ಆಸುಪಾಸು ಹಾನೋಕ್‌ಗಳು ಒಂದೇ ಕಡೆ, ಪೂರ್ತಿ ಸಮತಟ್ಟಿನಲ್ಲಿ ಹರಡಿಕೊಂಡಿರುವುದು ಇಲ್ಲಿ. ಸೋಲ್‌ನ ಯೋಂಗ್ಸಾನ್ ನಿಲ್ದಾಣದಿಂದ ಕೆಟಿಎಕ್ಸ್ ರೈಲಿನಲ್ಲಿ ಒಂದೂಮುಕ್ಕಾಲು ಗಂಟೆ, ಒಂದು ಕಡೆಗೆ 34,000 ವಾನ್ ಮೇಲೆ. ಎಕ್ಸ್‌ಪ್ರೆಸ್ ಬಸ್ ಅಗ್ಗ, ಮೂರು ಗಂಟೆಯ ಹತ್ತಿರ. ರೈಲ್ವೆ ನಿಲ್ದಾಣದಿಂದ ಹಾನೋಕ್ ಕೇರಿಗೆ ಟ್ಯಾಕ್ಸಿಯಲ್ಲಿ ಇನ್ನೊಂದು ಕಾಲು ಗಂಟೆ. ಹೋಗಿ ಬರುವುದಕ್ಕೇ ದಿನದ ನಾಲ್ಕೈದು ಗಂಟೆ ಹೋಯಿತು. ಬೆಳಿಗ್ಗೆ ಹೋಗಿ ಸಂಜೆ ಮರಳುವವರು ಕಾಣುವುದು ಹನ್ನೊಂದರಿಂದ ನಾಲ್ಕರವರೆಗಿನ ಜೊಂಜುವನ್ನು: ತಿಂಡಿ ಅಂಗಡಿಗಳ ಸಾಲು, ಬಾಡಿಗೆ ಎಲೆಕ್ಟ್ರಿಕ್ ಗಾಡಿಗಳು, ನೂಕುನುಗ್ಗಲು. ಊರು ಚೆಂದ ಕಾಣುವುದು ಬೆಳಿಗ್ಗೆ ಏಳರಿಂದ ಒಂಬತ್ತು. ಓಣಿಗಳು ಖಾಲಿ, ಅಂಗಡಿಗಳು ಮುಚ್ಚಿರುತ್ತವೆ, ಒಮೊಕ್‌ಡೆ ಗುಡ್ಡ ಹತ್ತಿದರೆ ಕೆಳಗೆ ಹೆಂಚಿನ ಮಾಡುಗಳು ಒಂದರ ಹಿಂದೊಂದು. ಆ ಎರಡು ಗಂಟೆ ತಂಗಿದವರಿಗೆ ಮಾತ್ರ.

ನೋಡಬೇಕಾದದ್ದು ಗ್ಯೊಂಗಿಜೊನ್, 1410ರಲ್ಲಿ ಕಟ್ಟಿದ್ದು. ಜೋಸೋನ್ ವಂಶದ ಮೊದಲ ದೊರೆ ತೇಜೊನ ಭಾವಚಿತ್ರಕ್ಕಾಗಿಯೇ ಮಾಡಿದ ಮಂದಿರ. ಪ್ರವೇಶ 3,000 ವಾನ್. ಎದುರಿಗೇ 1914ರಲ್ಲಿ ಮುಗಿದ ಇಟ್ಟಿಗೆಯ ಜೊಂಡೊಂಗ್ ಚರ್ಚ್. ಹಾನೋಕ್ ರೂಮು ಒಂದು ರಾತ್ರಿಗೆ 80,000ದಿಂದ 1,50,000 ವಾನ್. ರೈಲು, ಊಟ ಸೇರಿ ಒಬ್ಬರಿಗೆ ₹10,000 ದಾಟುವುದು ಸುಲಭ, ಇಬ್ಬರು ರೂಮು ಹಂಚಿಕೊಂಡರೆ ಸ್ವಲ್ಪ ಇಳಿಯುತ್ತದೆ. ಮಲಗುವುದು ನೆಲದ ಹಾಸಿಗೆಯ ಮೇಲೆ. ಮಂಡಿನೋವಿನವರಿದ್ದರೆ ಮಂಚವಿರುವ ಹಾನೋಕನ್ನು ಕೇಳಿ ಹಿಡಿಯಿರಿ, ಕೆಲವು ಕಡೆ ಇರುತ್ತದೆ. ಗೋಡೆ ತೆಳು; ಪಕ್ಕದ ಕೋಣೆಯ ಮಾತು ಕೇಳಿಸುತ್ತದೆ.

ಸಸ್ಯಾಹಾರಿಗಳು ಇಲ್ಲಿ ಎಚ್ಚರವಾಗಿರಬೇಕು. ಜೊಂಜು ಬಿಬಿಂಬಾಪ್ ತರಕಾರಿ ಅನ್ನವೆಂದು ಕಾಣಿಸುತ್ತದೆ. ಸಾಂಪ್ರದಾಯಿಕ ರೀತಿಯಲ್ಲಿ ಅನ್ನವನ್ನೇ ದನದ ಮೂಳೆಯ ಸಾರಿನಲ್ಲಿ ಬೇಯಿಸುತ್ತಾರೆ, ಮೇಲೆ ಹಸಿ ಮಾಂಸವನ್ನೂ ಇಡುವುದುಂಟು. 'ಗೋಗಿ ಪ್ಪೆ ಜುಸೆಯೊ' ಎಂದು ಕೇಳಿದರೆ ಮೇಲಿನ ಮಾಂಸ ತೆಗೆಯುತ್ತಾರೆ, ಅನ್ನ ಬದಲಾಗುವುದಿಲ್ಲ. ಮೊಳಕೆಕಾಳಿನ ಗಂಜಿಯಂಥ ಕೊಂಗ್ನಾಮುಲ್ ಗುಕ್ಬಾಪಿನ ಸಾರು ಸಾಮಾನ್ಯವಾಗಿ ಒಣಮೀನಿನದು. ಕಿಮ್ಚಿಯಲ್ಲಿ ಉಪ್ಪು ಹಾಕಿದ ಸಿಗಡಿ ಇರುತ್ತದೆ. ಇದು ಕೊರಿಯಾದ ಎಲ್ಲ ಕಡೆಯ ಮಾತು, ಆದರೆ ಸೋಲ್‌ನಲ್ಲಿ ಬೇರೆ ದಾರಿ ಸಿಗುತ್ತದೆ: ಆನ್‌ಗುಕ್ ಹತ್ತಿರ ಜೊಗ್ಯೆಸಾ ದೇವಾಲಯದ ಎದುರು ಬಾರು ಗೊಂಗ್ಯಾಂಗ್ ಎಂಬ ಬೌದ್ಧ ಆಹಾರದ ಹೋಟೆಲಿದೆ, ಬುಕಿಂಗ್ ಬೇಕು, ದುಬಾರಿ. ಥೋಂಗಿನ್ ಸಂತೆಯಲ್ಲಿ ಸಾರಿನಲ್ಲಿ ಬೇಯಿಸದೆ ಎಣ್ಣೆಯಲ್ಲಿ ಹುರಿಯುವ ತೊಕ್ಪೊಕ್ಕಿ ಎಂಬ ಅಕ್ಕಿಹಿಟ್ಟಿನ ತಿನಿಸು, ಅಕ್ಕಿಯ ಸಿಹಿ ಕಡುಬು, ಹುರಿದ ತರಕಾರಿ ಸಿಗುತ್ತವೆ.

ಯಾರಿಗೆ ಯಾವುದು

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಉನ್‌ಪ್ಯೊಂಗ್, ಅಥವಾ ಸೋಚೋನಿನ ಕೆಳಭಾಗ ಮಾತ್ರ: ಕಣಿವೆಗೆ ಬಸ್ಸಿನಲ್ಲಿ ಹೋಗಿ ಅದೇ ಬಸ್ಸಿನಲ್ಲಿ ಇಳಿದುಬಿಡಿ, ಕಾಡುದಾರಿ ಬಿಡಿ. ಮಗುವಿನ ತಳ್ಳುಗಾಡಿ ಇದ್ದರೆ ಬುಕ್ಚೋನ್ ಬೇಡವೇ ಬೇಡ. ಮೆಟ್ಟಿಲು ಮತ್ತು ಏರು. ಅದರ ಬದಲು ಚುಂಗ್ಮುರೊ ನಿಲ್ದಾಣದ ಬಳಿ ಐದು ಸಾಂಪ್ರದಾಯಿಕ ಮನೆಗಳಿರುವ ನಾಮ್ಸಾಂಗೋಲ್ ನೋಡಿ: ಪ್ರವೇಶ ಉಚಿತ, ಅಂಗಳಗಳು ವಿಶಾಲ. ಕೊರಿಯನ್ ಧಾರಾವಾಹಿಗಳನ್ನು ನೋಡಿ ಆಸೆಪಟ್ಟು ಹೊರಟವರು ಬುಕ್ಚೋನ್ ಬಿಟ್ಟು ಬಂದರೆ ಮನಸ್ಸು ಕೇಳುವುದಿಲ್ಲ. ಹತ್ತಕ್ಕೆ ಅದನ್ನು ಮುಗಿಸಿ, ಮಧ್ಯಾಹ್ನವನ್ನು ಸೋಚೋನಿಗೆ ಕೊಡಿ. ಎರಡನೇ ಸಲ ಹೋಗುವವರು, ಎರಡು ದಿನ ಬಿಡುವಿರುವವರು ಜೊಂಜು ನೋಡಲಿ.

ಯಾವ ಕೇರಿಗೇ ಹೋದರೂ ಸುಲಭವಾಗಿ ಬಿಚ್ಚುವ ಶೂ, ಸಾಕ್ಸ್ ಬೇಕು. ಗೂಗಲ್ ಮ್ಯಾಪ್ ನೆಚ್ಚಿಕೊಂಡು ಓಣಿಗಳಲ್ಲಿ ನಡೆಯಬೇಡಿ, ಕೊರಿಯಾದ್ದೇ ಆದ ನೇವರ್ ಮ್ಯಾಪ್ ಹಾಕಿಕೊಳ್ಳಿ. ಟಿ-ಮನಿ ಕಾರ್ಡಿಗೆ ದುಡ್ಡು ತುಂಬಿಸಲು ನಿಲ್ದಾಣದ ಯಂತ್ರಗಳು ಹೆಚ್ಚಾಗಿ ನೋಟನ್ನೇ ಕೇಳುತ್ತವೆ. ರಸ್ತೆಯಲ್ಲಿ ಕಸದ ಡಬ್ಬಿ ಅಪರೂಪ, ಶೌಚಾಲಯ ಮೆಟ್ರೊ ನಿಲ್ದಾಣದಲ್ಲಿ ಉಚಿತ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ನವೆಂಬರ್ ನಡುಭಾಗದವರೆಗೆ ಹವೆ ನಡಿಗೆಗೆ ಹೇಳಿ ಮಾಡಿಸಿದಂತಿರುತ್ತದೆ. ಜೂನ್ ಕೊನೆಯಿಂದ ಜುಲೈವರೆಗೆ ಮಳೆ.

ವಾರ ನಿಮ್ಮ ಕೈಯಲ್ಲಿದ್ದರೆ ಬುಧವಾರ ಅಥವಾ ಗುರುವಾರ ಇಟ್ಟುಕೊಳ್ಳಿ, ಎಲ್ಲವೂ ತೆರೆದಿರುತ್ತದೆ. ಮಂಗಳವಾರ ಗ್ಯೊಂಗ್‌ಬೊಕ್‌ಗುಂಗ್ ಮುಚ್ಚಿರುತ್ತದೆ, ಸೋಚೋನಿಗೆ ಅದರಿಂದ ತೊಂದರೆಯಿಲ್ಲ. ಸೋಮವಾರ ಮಾತ್ರವೇ ಬಿಡುವಿದ್ದರೆ ಸೋಚೋನನ್ನು ಕೈಬಿಡಿ, ಅಲ್ಲಿಯ ಅರ್ಧ ಬಾಗಿಲುಗಳಿಗೆ ಅಂದು ಬೀಗ. ಒಂಬತ್ತಕ್ಕೆ ಗ್ಯೊಂಗ್‌ಬೊಕ್‌ಗುಂಗ್, ಹನ್ನೊಂದಕ್ಕೆ ಬುಕ್ಚೋನಿನ ಗ್ಯೇಡೋಂಗ್-ಗಿಲ್, ಎರಡರ ಮೇಲೆ ಇಕ್ಸೋನ್‌ಡೋಂಗ್: ಸೋಮವಾರಕ್ಕೆ ಈ ಕ್ರಮ ಸರಿ. ಚಾಂದ್ರಮಾನ ಹೊಸವರ್ಷ ಮತ್ತು ಚುಸೊಕ್ ಎಂಬ ಸುಗ್ಗಿ ಹಬ್ಬದ ಮೂರು ದಿನ ಸಂತೆಯ ಅಂಗಡಿಗಳು ಮುಚ್ಚಿ ಜೊಂಜು ರೈಲುಗಳು ತುಂಬಿರುತ್ತವೆ, ಟಿಕೆಟ್ ಮಾಡಿಸುವ ಮುಂಚೆ ಆ ವರ್ಷದ ತಾರೀಖು ನೋಡಿಕೊಳ್ಳಿ.